ಹಲ್ಲಿಲ್ಲದ ಬಕೆಟ್ಟಿನ ಪುರಾತತ್ವ

ಇಂಗ್ಲೆಂಡಿನ ಹಳ್ಳಿಗರಿಗೆ ಇತಿಹಾಸದ ಮೇಲೆ ಏಕಾಏಕಿ ಪ್ರೀತಿ ಉಕ್ಕಬೇಕಾದರೆ ಒಂದೇ ಒಂದು ನೋಟಿಸು ಸಾಕು. ಊರಂಚಿನ ಹೊಲದಲ್ಲಿ ಇನ್ನೂರು ಮನೆ ಕಟ್ಟಲು ಯಾರೋ ಅನುಮತಿ ಕೇಳಿದ್ದಾರೆ ಎಂದು ಅದರಲ್ಲಿ ಬರೆದಿರಬೇಕು, ಅಷ್ಟೇ. ನಿನ್ನೆಯವರೆಗೆ ನಾಯಿಯನ್ನು ಅಡ್ಡಾಡಿಸಲು ಮಾತ್ರ ಒದಗುತ್ತಿದ್ದ ಹೊಲದಡಿ ಇಂದು, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಆ ನಾಡನ್ನು ಆಳಿದ ರೋಮನ್ನರ ಬಂಗಲೆ ಇರಲೇಬೇಕು. ಮನೆಗಳನ್ನು ತಡೆಯಲು ಮೊದಲು ರಸ್ತೆ ಕಿರಿದು, ಶಾಲೆಯಲ್ಲಿ ಜಾಗವಿಲ್ಲ ಎನ್ನುತ್ತಾರೆ. ಆಮೇಲೆ ಕೊಳದಲ್ಲಿ ಜುಟ್ಟಿನ ನ್ಯೂಟ್ ಇದೆಯೇ ಎಂದು ಇಣುಕುತ್ತಾರೆ. ಈ ಪುಟ್ಟ ಉಭಯಚರಿಗೆ ಅಲ್ಲಿ ಕಾನೂನಿನ ಶ್ರೀರಕ್ಷೆ ಇದೆ. ನ್ಯೂಟ್ ಕೂಡ ಕೈಕೊಟ್ಟರೆ ಉಳಿದ ಗತಿ ರೋಮನ್ನರು.

ಕಟ್ಟಡ ಕಂಪನಿಗೂ ನಂಬಿಕೆಗೇನು ಕೊರತೆಯಿಲ್ಲ. ಎರಡು ಸಾವಿರ ವರ್ಷಗಳಿಂದ ಅಲ್ಲಿ ಯಾರೂ ಹುಟ್ಟಿಲ್ಲ, ಸತ್ತಿಲ್ಲ, ಒಂದು ಮಡಕೆಯನ್ನೂ ಒಡೆದಿಲ್ಲ ಎಂಬುದು ಅದರ ನಂಬಿಕೆ. ಇವೆರಡರ ನಡುವೆ, ಜಿಟಿಜಿಟಿ ಮಳೆಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಗಾರೆಯವರ ಕರಣಿ ಹಿಡಿದು ನಿಂತವರು ಪುರಾತತ್ವಜ್ಞರು. ನೆಲದಡಿ ನಿಜಕ್ಕೂ ಏನಿದೆ ಎಂದು ತಿಳಿಯುವ ಆಸೆ ಇರುವುದು ಇವರಿಗೆ ಮಾತ್ರ. ಇವರ ಕೂಲಿ ಕೊಡುವುದು, ಏನೂ ಸಿಗದಿರಲಪ್ಪಾ ಎಂದು ಹರಕೆ ಹೊತ್ತ ಆ ಕಂಪನಿ.

ಈ ಏರ್ಪಾಡು 1990ರದು. ಅದರ ಹಿಂದಿನ ವರ್ಷ ಲಂಡನ್ನಿನಲ್ಲಿ ಕಚೇರಿ ಕಟ್ಟಡವೊಂದರ ಜಾಗದಲ್ಲಿ ಶೇಕ್ಸ್‌ಪಿಯರನ ಕಾಲದ ರೋಸ್ ನಾಟಕಶಾಲೆಯ ತಳಪಾಯ ಹೊರಬಿದ್ದು, ನಟನಟಿಯರು ಬೀದಿಗಿಳಿದು, ಸರ್ಕಾರಕ್ಕೆ ಮುಜುಗರವಾಗಿತ್ತು. ಹಾಗಾಗಿ ಮೊದಲು ಅಗೆದು ನೋಡಿ, ಆಮೇಲೆ ತೀರ್ಮಾನಿಸಿ, ಖರ್ಚು ಕಟ್ಟುವವರದು ಎಂದಾಯಿತು. ನ್ಯಾಯದ ಮಾತೇ. ಕಂಪನಿಯೂ ನ್ಯಾಯವಾಗಿಯೇ ನಡೆದುಕೊಳ್ಳುತ್ತದೆ: ಉತ್ಖನನ ಸಂಸ್ಥೆಗಳಿಂದ ದರಪಟ್ಟಿ ತರಿಸಿಕೊಂಡು, ಕಡಿಮೆ ಕೂಗಿದವರಿಗೆ ಇಪ್ಪತ್ತು ಶತಮಾನಗಳನ್ನು ಗುತ್ತಿಗೆಗೆ ಕೊಡುತ್ತದೆ.

ಇಡೀ ಹೊಲವನ್ನು ಅಗೆಯುವುದುಂಟೇ? ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು ಪಾಲು. ಹತ್ತು ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ, ಶೇ. 2ರ ಲೆಕ್ಕದಲ್ಲಿ 30 ಮೀಟರ್ ಉದ್ದ, 2 ಮೀಟರ್ ಅಗಲದ 33 ಕಂದಕಗಳು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು, ಒಪ್ಪೋಣ. ಅನ್ನದಲ್ಲಿ ಕಲ್ಲಿದೆಯೇ ಎಂದು ತಿಳಿಯಲೂ ಅದೇ ಅಗುಳನ್ನು ಹಿಸುಕುತ್ತಾರೆ. ರೋಮನ್ನರ ನಂತರ ಬಂದು ನೆಲೆಸಿದ ಸ್ಯಾಕ್ಸನ್ನರ ಮನೆಯೊಂದು ಮಣ್ಣಿನಲ್ಲಿ ಉಳಿಯುವುದು ಕೆಲವು ಕಪ್ಪು ವೃತ್ತಗಳಾಗಿ, ಕಂಬ ಕೊಳೆತ ಜಾಗದ ಕಲೆಗಳಾಗಿ. ಅದು ಎರಡು ಕಂದಕಗಳ ನಡುವೆ ಹಾಯಾಗಿ ಮಲಗಿರಬಲ್ಲದು. ಸ್ಮಶಾನವೂ ಅಷ್ಟೇ.

ಅಗೆಯುವುದು ಜೆಸಿಬಿ. ನಮ್ಮ ಕೆರೆಗಳ ಹೂಳೆತ್ತುವ ಈ ಯಂತ್ರದ ತವರು ಸ್ಟಾಫರ್ಡ್‌ಶೈರಿನ ರೋಸ್ಟರ್ ಎಂಬ ಹಳ್ಳಿ. ಆ ಹಳ್ಳಿಯಡಿಯಲ್ಲೂ ಒಂದು ರೋಮನ್ ಕೋಟೆ ಇದೆ ಎಂಬುದನ್ನು ಇಲ್ಲಿ ಹೇಳದಿರಲಾರೆ. ಬಕೆಟ್ಟಿಗೆ ಹಲ್ಲಿರಕೂಡದು ಎಂಬ ನಿಯಮವಿದೆ. ಹಲ್ಲು ಗೀರಿದರೆ ಕೆಳಗಿನ ಕಲೆ ಅಳಿಸಿಹೋಗುತ್ತದೆ. ವಿಧಾನಕ್ಕೆ ಹಲ್ಲಿಲ್ಲದಿರುವುದಕ್ಕೂ ಇಷ್ಟೇ ಒಳ್ಳೆಯ ಕಾರಣವಿರಬಹುದು.

ಹೆಚ್ಚಿನ ಕಂದಕಗಳಲ್ಲಿ ಸಿಗುವುದು ಹತ್ತೊಂಬತ್ತನೆಯ ಶತಮಾನದ ರೈತ ನೀರು ಬಸಿಯಲೆಂದು ಹೂಳಿದ ಕೆಂಪು ಮಣ್ಣಿನ ಕೊಳವೆ, ಗೊಬ್ಬರದ ಜೊತೆ ಬಂದ ನೀಲಿ ಹೂವಿನ ಪಿಂಗಾಣಿ ಚೂರು, ಯಾರೋ ಹೊಗೆಸೊಪ್ಪು ಸೇದಿ ಬಿಸಾಡಿದ ಮಣ್ಣಿನ ಚಿಲುಮೆಯ ತುಂಡು. ಎಲ್ಲವನ್ನೂ ಅಳೆದು, ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಕಂದಕ ಮುಚ್ಚಿ, ದಪ್ಪನೆಯ ವರದಿ ಬರೆಯುತ್ತಾರೆ. ಗಮನಾರ್ಹವಾದ ಅವಶೇಷಗಳಿಲ್ಲ ಎಂಬ ಸಾಲನ್ನು ಕಂಪನಿ ಮೊದಲು ಓದಿ, ಉಳಿದದ್ದನ್ನು ಓದದೆ ಬಿಡುತ್ತದೆ.

ಬಂಗಲೆ ಸಿಕ್ಕಿತೆನ್ನಿ. ಹಳ್ಳಿಗರು ಹಬ್ಬ ಮಾಡುತ್ತಾರೆ, ಪಾಪ. ಹೆಚ್ಚೆಂದರೆ ಅದರ ಮೇಲೆ ಹುಲ್ಲು ಹಾಸಿ ಮಕ್ಕಳ ಉದ್ಯಾನ ಮಾಡಿ, ಮನೆಗಳನ್ನು ಇಪ್ಪತ್ತು ಗಜ ಆಚೆ ಸರಿಸುತ್ತಾರೆ. ಇಲ್ಲವೇ ಇಡಿಯಾಗಿ ಅಗೆದು, ಚಿತ್ರ ಬರೆದು, ಪದರ ಪದರವಾಗಿ ಕಿತ್ತು ತೆಗೆಯುತ್ತಾರೆ. ಕಿತ್ತದ್ದೆಲ್ಲ ಕಾಗದದ ಮೇಲಿದೆ, ಆದ್ದರಿಂದ ಉಳಿಯಿತು ಎಂದು ಲೆಕ್ಕ. ದಾಖಲಿಸಬಲ್ಲೆವು ಎಂಬುದು ಕೆಡವಲು ಒಪ್ಪಿಗೆ ಕೊಡುವಾಗ ಗಣನೆಗೆ ಬರಬಾರದು ಎಂದು 2012ರ ರಾಷ್ಟ್ರೀಯ ಯೋಜನಾ ನೀತಿ ಹೇಳಿತ್ತು. ಹೇಳುವುದು ನೀತಿಯ ಕೆಲಸ, ಅದನ್ನು ಮಾಡಿತು. ಚೂರುಗಳು ರಟ್ಟಿನ ಪೆಟ್ಟಿಗೆ ಸೇರುತ್ತವೆ. ಎಷ್ಟೋ ಕಡೆ ವಸ್ತುಸಂಗ್ರಹಾಲಯಗಳ ಉಗ್ರಾಣ ತುಂಬಿ, ಪೆಟ್ಟಿಗೆಗಳು ಉತ್ಖನನ ಸಂಸ್ಥೆಯ ಗೋದಾಮಿನಲ್ಲೇ ಕಾಲ ಹಾಕುತ್ತವೆ. ನೆಲದಡಿ ಬಾಡಿಗೆಯಾದರೂ ಇರಲಿಲ್ಲ.

ಮನೆಗಳು ಏಳುತ್ತವೆ. ರಸ್ತೆಗಳಿಗೆ ರೋಮನ್ ವೇ, ಸ್ಯಾಕ್ಸನ್ ಕ್ಲೋಸ್ ಎಂದು ಹೆಸರಿಡುತ್ತಾರೆ. ಅಲ್ಲಿ ಏನೂ ಇರಲಿಲ್ಲ ಎಂದು ವರದಿ ಬರೆಸಿಕೊಂಡ ಕಂಪನಿಯೇ ಫಲಕವನ್ನೂ ನೆಡುತ್ತದೆ. ಹೊಸಬರು ಪರದೆ ತೂಗುಹಾಕಿ, ಕಾರು ನಿಲ್ಲಿಸಿ, ಕಿಟಕಿಯಾಚೆಯ ಹಸಿರು ಹೊಲ ನೋಡುತ್ತ ಚಹಾ ಕುಡಿಯುವಷ್ಟರಲ್ಲಿ ಆ ಹೊಲಕ್ಕೂ ನೋಟಿಸು ಬರುತ್ತದೆ. ಆ ವಾರದ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು, ಶೇ. 2 ಸಾಲದು, ಶೇ. 5 ಅಗೆಯಲೇಬೇಕು ಎಂದು ಮೇಜು ಗುದ್ದುವವರು ರೋಮನ್ ವೇ ನಿವಾಸಿಗಳು.