ಗಾಡಿ ನಮ್ಮದು, ಎಂಜಿನ್ ಯಾರದು?

ತೇಜಸ್ ಯುದ್ಧವಿಮಾನ ತಡ ಅಂತ ಸುದ್ದಿ ಬಂದಾಗಲೆಲ್ಲ ಇಲ್ಲಿ ಅದನ್ನು ತಯಾರಿಸುವ ಎಚ್‌ಎಎಲ್‌ಗೆ ಬೈಗುಳದ ಸುರಿಮಳೆ. ಬೈಯೋಕೆ ಕಾರಣಗಳಿವೆ, ಇಲ್ಲ ಅನ್ನಲ್ಲ. ಆದರೆ ಹೊಸೂರು, ಸಿಪ್‌ಕಾಟ್, ಬೆಳಗೊಂಡಪಳ್ಳಿ ಕಡೆ ದಿನವಿಡೀ ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೆತ್ತುವ ನಮ್ಮ ಜನರಾದರೂ ರೋಗ ಎಲ್ಲಿದೆ ಅಂತ ಮುಟ್ಟಿ ನೋಡಬೇಕು. ಅರವತ್ತು ವರ್ಷಗಳಿಂದ ನಮ್ಮ ವಾಯುಪಡೆಗೆ ಕೈಕೊಡುತ್ತಾ ಬಂದಿರೋದು ಎಂಜಿನ್.

ಮಾರುತ್‌ನಿಂದಲೇ ಶುರು ಮಾಡೋಣ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಯುದ್ಧವಿಮಾನ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ಇವತ್ತಿಗೂ ಅದರ ಫೋಟೋ ನೋಡಿದರೆ ಕಣ್ಣು ಕೀಳೋಕಾಗಲ್ಲ, ಅಷ್ಟು ಚೆಂದದ ಮೈಕಟ್ಟು. ಆ ಮೈಕಟ್ಟು ಲೆಕ್ಕ ಹಾಕಿದ್ದು ಆಫ್ಟರ್‌ಬರ್ನರ್ (ಹಿಂಬದಿಯಲ್ಲಿ ಇನ್ನಷ್ಟು ಇಂಧನ ಸುಟ್ಟು ತಳ್ಳುಬಲ ಹೆಚ್ಚಿಸುವ ಭಾಗ) ಇರುವ ಆರ್ಫಿಯಸ್ 12 ಎಂಜಿನ್‌ಗೆ. ಒಂದೊಂದು ಸುಮಾರು 3,700 ಕಿಲೋ ತಳ್ಳುಬಲ ಕೊಡಬೇಕಿತ್ತು. ಬ್ರಿಟಿಷರು ಆ ಎಂಜಿನ್ನಿನ ಕೆಲಸ ಮುಂದುವರಿಸಲು ದುಡ್ಡು ಕೇಳಿದರು, ದಿಲ್ಲಿ ಕೊಡಲಿಲ್ಲ. ಕೊನೆಗೆ ಕೂರಿಸಿದ್ದು 2,200 ಕಿಲೋದ ಆರ್ಫಿಯಸ್ 703, ಎರಡು. ಅಂದರೆ 7,400 ಕಿಲೋ ಸಿಗಬೇಕಾದ ಕಡೆ 4,400. ನಾಲ್ಕು ಟನ್ನಿನ ಪುಟ್ಟ ನ್ಯಾಟ್ ವಿಮಾನಕ್ಕೆ ಒಂದು ಹಾಕುತ್ತಿದ್ದ ಅದೇ ಜಾತಿಯ ಎಂಜಿನ್ ಎರಡು ಸೇರಿ ಹನ್ನೊಂದು ಟನ್ ಹೊರಬೇಕಾಯಿತು. ಶಬ್ದವೇಗ ದಾಟಬೇಕಾದ ವಿಮಾನ ಅದರ ಹೊಸ್ತಿಲಲ್ಲೇ ಏದುಸಿರು ಬಿಟ್ಟಿತು.

ಆಮೇಲೆ ಇದ್ದ ಎಂಜಿನ್‌ಗೇ ಆಫ್ಟರ್‌ಬರ್ನರ್ ಜೋಡಿಸೋಕೆ ನೋಡಿದರು. ಅದಕ್ಕೆ ನಾಝಲ್, ಅಂದರೆ ಬಿಸಿ ಗ್ಯಾಸು ಹೊರಹೋಗುವ ಬಾಯಿ, ದೊಡ್ಡದಾಗಬೇಕು, ನಾಝಲ್ ದೊಡ್ಡದಾದರೆ ಹಿಂಭಾಗ ಊದಿಕೊಳ್ಳುತ್ತೆ, ಊದಿಕೊಂಡರೆ ಗಾಳಿಯ ಎಳೆತ ಜಾಸ್ತಿ. ಈ ಕೈಲಿ ಗಳಿಸಿದ್ದನ್ನು ಆ ಕೈಲಿ ಕಳೆದ ಹಾಗೆ. ಅಂಥದೇ ಒಂದು ಪ್ರೊಟೊಟೈಪ್ ಹಾರಿಸುವಾಗ 1970ರ ಜನವರಿ 10ರಂದು ಟೆಸ್ಟ್ ಪೈಲಟ್ ಸುರಂಜನ್ ದಾಸ್ ತೀರಿಕೊಂಡರು. ಒಟ್ಟು 147 ಮಾರುತ್ ತಯಾರಾಗಿ, ಕಥೆ ಅಲ್ಲಿಗೆ ನಿಂತಿತು.

ಸೋವಿಯತ್ ಮಿಗ್-21ರ ಬಗ್ಗೆ ಎಲ್ಲರೂ ಬರೆದಾಗಿದೆ. 1963ರಲ್ಲಿ ಬಂತು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. ಅದರ ಆರ್-11, ಆರ್-25 ಎಂಜಿನ್‌ಗಳನ್ನು ಒಡಿಶಾದ ಕೋರಾಪುಟ್‌ನಲ್ಲಿ ನಾವೇ ತಯಾರಿಸಿದೆವು. ಆದರೂ ಹೊಸ ಎಂಜಿನ್ ಮಾಡೋದು ಯಾಕೆ ಬರಲಿಲ್ಲ? ಡ್ರಾಯಿಂಗ್ ನೋಡಿ ಪಾರ್ಟ್ ತೆಗೆಯೋ ಯಾವ ಮೆಷಿನಿಸ್ಟ್‌ನ ಕೇಳಿದರೂ ಉತ್ತರ ಸಿಗುತ್ತೆ: ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) ಎಷ್ಟು ಅಂತ ಶೀಟಲ್ಲಿ ಇರುತ್ತೆ, ಅಷ್ಟೇ ಯಾಕೆ ಅಂತ ಇರಲ್ಲ.

ಇನ್ನು ಕಾವೇರಿ. ಹೆಸರು ಹೇಳಿದರೇ ಎರಡು ರಾಜ್ಯದವರು ಕೂತು ಕಿತ್ತಾಡುವ ಗಡಿ ನಮ್ಮದು, ಇದು ಬೇರೆ ಕಾವೇರಿ. ಬೆಂಗಳೂರಿನ ಜಿಟಿಆರ್‌ಇ ಅನ್ನುವ ಸರ್ಕಾರಿ ಎಂಜಿನ್ ಸಂಶೋಧನಾಲಯ ತೇಜಸ್‌ಗಾಗಿ 1989ರಲ್ಲಿ ಕೈಗೆತ್ತಿಕೊಂಡ ಎಂಜಿನ್, ಅದರ ಕೋರ್‌ಗೆ, ಅಂದರೆ ಒಳಗಿನ ಮುಖ್ಯ ಭಾಗಕ್ಕೆ, ಕಬಿನಿ ಅಂತ ಹೆಸರು. ಆಫ್ಟರ್‌ಬರ್ನರ್ ಹಚ್ಚಿದಾಗ 81 ಕಿಲೋನ್ಯೂಟನ್ ತಳ್ಳುಬಲ ಬರಬೇಕಿತ್ತು. ತಳ್ಳುಬಲ ಕಮ್ಮಿಯಾಯಿತು, ತೂಕ ಜಾಸ್ತಿಯಾಯಿತು. 2004ರಲ್ಲಿ ರಷ್ಯಾದಲ್ಲಿ ಎತ್ತರದ ಪರೀಕ್ಷೆ ಫೇಲು. 2008ರಲ್ಲಿ ತೇಜಸ್‌ನಿಂದ ಅದನ್ನು ಬೇರ್ಪಡಿಸಿದರು.

ಎಲ್ಲಿ ಎಡವಿದರು? ಕಷ್ಟಗಳು ಹಲವು, ಆದರೆ ನಾನು ಬೆರಳು ತೋರಿಸೋದು ಕಿರುಬೆರಳಷ್ಟು ಉದ್ದದ ಟರ್ಬೈನ್ ಬ್ಲೇಡಿನ ಕಡೆಗೆ. ಅದಕ್ಕೆ ತಾಗುವ ಗ್ಯಾಸು 1,400 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ, ಬ್ಲೇಡಿನ ನಿಕಲ್ ಮಿಶ್ರಲೋಹ 1,300ರ ಆಸುಪಾಸಿನಲ್ಲೇ ಕರಗೋಕೆ ಶುರು. ಅದರ ಮೇಲೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು, ಟನ್‌ಗಟ್ಟಲೆ ಸೆಳೆತ. ಸಾಮಾನ್ಯ ಎರಕದ ಲೋಹದಲ್ಲಿ ಹರಳುಗಳ ನಡುವಿನ ಗಡಿಯಲ್ಲೇ ಬಿರುಕು ಬಿಡುತ್ತೆ, ಬ್ಲೇಡು ನಿಧಾನವಾಗಿ ಉದ್ದಕ್ಕೆ ಜಗ್ಗಿ ಕೇಸಿಂಗ್‌ಗೆ ಉಜ್ಜುತ್ತೆ. ಮದ್ದು ಏನಂದರೆ ಇಡೀ ಬ್ಲೇಡನ್ನೇ ಒಂದೇ ಹರಳಾಗಿ ಬೆಳೆಸೋದು.

ವಿಧಾನದ ಬೇರು ಸ್ವಾಮಿಮಲೈಯಲ್ಲಿ ಪಂಚಲೋಹದ ವಿಗ್ರಹ ಎರೆಯುವ ಮೇಣದಚ್ಚಿನದೇ. ಬ್ಲೇಡನ್ನು ತಂಪಾಗಿಡುವ ಒಳಗಿನ ಗಾಳಿದಾರಿಗೆ ಸೆರಾಮಿಕ್ ತಿರುಳು ಇಟ್ಟು ಸುತ್ತ ಮೇಣ ತುಂಬಿ, ಗಂಜಿಯಂಥ ಸೆರಾಮಿಕ್‌ನಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿ, ಮೇಣ ಕರಗಿಸಿ ತೆಗೀತಾರೆ. ವ್ಯಾಕ್ಯೂಮ್ ಕುಲುಮೆಯಲ್ಲಿ ಲೋಹ ಎರೆದು, ನೀರು ಹರಿಯುವ ತಾಮ್ರದ ತಟ್ಟೆಯ ಮೇಲೆ ಅಚ್ಚನ್ನು ಬಿಸಿಯಿಂದ ಕೆಳಕ್ಕೆ ಬಲು ನಿಧಾನ ಇಳಿಸಬೇಕು. ಬುಡದಲ್ಲಿ ಹಂದಿಬಾಲದ ಹಾಗೆ ಸುರುಳಿ ಸುತ್ತಿದ ಸಣ್ಣ ದಾರಿ. ಹತ್ತಾರು ಹರಳು ನುಗ್ಗೋಕೆ ನೋಡ್ತವೆ, ಒಂದೇ ಒಂದು ಮೇಲಕ್ಕೆ ಬರುತ್ತೆ. ಇಳಿಸುವ ವೇಗ ಸ್ವಲ್ಪ ತಪ್ಪಿದರೆ ಪಕ್ಕದಲ್ಲಿ ಪರದೇಸಿ ಹರಳು ಹುಟ್ಟುತ್ತೆ, ತಿರುಳು ಕೂದಲೆಳೆ ಸರಿದರೆ ಗೋಡೆ ಒಂದು ಕಡೆ ತೆಳು. ಎರಡೂ ಸ್ಕ್ರ್ಯಾಪ್. ಪಾಸಾದದ್ದಕ್ಕೆ ಇಡಿಎಂನಲ್ಲೋ (ವಿದ್ಯುತ್ ಕಿಡಿಯಿಂದ ಕೊರೆಯುವ ಯಂತ್ರ) ಲೇಸರ್‌ನಲ್ಲೋ ತಂಪು ಗಾಳಿ ಹೊರಬರಲು ಅರ್ಧ ಮಿಲಿಮೀಟರಿನ ಆಸುಪಾಸಿನ ತೂತು ಕೊರೆದು, ಶಾಖ ತಡೆಯುವ ಝಿರ್ಕೋನಿಯಾ ಲೇಪ. ರಾಜಸ್ಥಾನದ ಧೂಳು ಕೂತು ಒಂದು ತೂತು ಮುಚ್ಚಿದರೂ ಆ ಜಾಗ ಸುಡುತ್ತೆ. ತೂತು ಕೊರೆಯೋದು ಹೊಸೂರಿಗೆ ಕಷ್ಟವಲ್ಲ. ಎರಕದ ಗುಟ್ಟೇ ಬೇರೆ.

ಕಾವೇರಿಗೆ ಹೈದರಾಬಾದಿನ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ಕೊಟ್ಟಿದ್ದು ಒಂದೇ ದಿಕ್ಕಿಗೆ ಹರಳು ಬೆಳೆಸಿದ ಬ್ಲೇಡು, ಅಂದರೆ ಒಂದು ಮೆಟ್ಟಿಲು ಕೆಳಗಿನದು. ಏಕಹರಳಿನ 60 ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನ್‌ಗಾಗಿ ಎಚ್‌ಎಎಲ್‌ಗೆ ಒಪ್ಪಿಸಿದ್ದು 2021ರಲ್ಲಿ.

ಹಾಗಾಗಿ ಕೊಯಮತ್ತೂರಿನ ಸೂಲೂರಿನಿಂದ ಏಳುವ ತೇಜಸ್‌ಗಳ ಹೊಟ್ಟೆಯಲ್ಲಿರೋದು ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನ್. ತೇಜಸ್‌ನ ಸುಧಾರಿತ ಮಾದರಿ ಮಾರ್ಕ್ 1ಎ 83 ಬೇಕು ಅಂತ 2021ರ ಫೆಬ್ರವರಿಯಲ್ಲಿ ಒಪ್ಪಂದ, ಆಗಸ್ಟ್‌ನಲ್ಲಿ 99 ಎಂಜಿನ್‌ಗೆ ಆರ್ಡರ್. ಅಷ್ಟರಲ್ಲಿ ಜಿಇಯ ಆ ತಯಾರಿಕಾ ಲೈನು ಕೆಲಸವಿಲ್ಲದೆ ನಿಂತುಹೋಗಿತ್ತು. ಸಪ್ಲೈಯರ್‌ಗಳನ್ನೆಲ್ಲ ಮತ್ತೆ ಹುಡುಕಿ ಎಬ್ಬಿಸಿ ಮೊದಲ ಎಂಜಿನ್ ಕೊಟ್ಟಿದ್ದು 2025ರ ಮಾರ್ಚ್‌ನಲ್ಲಿ, ಎರಡು ವರ್ಷ ತಡವಾಗಿ. ಮಿಗ್-21 ಹೋದ ಮೇಲೆ 42 ಸ್ಕ್ವಾಡ್ರನ್ (ಯುದ್ಧವಿಮಾನಗಳ ದಳ) ಇರಬೇಕಾದ ಕಡೆ 29 ಉಳಿದವು. ನಾವು ಆರ್ಡರ್ ಕೊಡೋದೂ ಹಾಗೇ, ಮಳೆ ನಿಂತ ಮೇಲೆ ಇನ್ನೊಂದು ಮಳೆ ಬಂದ ಹಾಗೆ ಬಿಟ್ಟು ಬಿಟ್ಟು. ಅಂಥ ಗಿರಾಕಿಗೆ ಯಾರು ಲೈನು ಕಾಯುತ್ತಾ ಕೂರ್ತಾರೆ?

ಈಗ ಜಿಇಯ ಇನ್ನೊಂದು ಎಂಜಿನ್ ಎಫ್414 ಇಲ್ಲೇ ತಯಾರಿಸುವ ಮಾತುಕತೆ ಆಗ್ತಿದೆ, ಮುಂದಿನ ಯುದ್ಧವಿಮಾನ ಎಎಂಸಿಎಗೆ ಫ್ರಾನ್ಸಿನ ಸಫ್ರಾನ್ ಜೊತೆ ಎಂಜಿನ್ ಅಂತಿದ್ದಾರೆ. ಆಗಲಿ. ಆದರೆ ಕೇಳಬೇಕಾದ ಪ್ರಶ್ನೆ, ಅದನ್ನು ಎತ್ತರದಲ್ಲಿ ಪರೀಕ್ಷಿಸೋದು ಎಲ್ಲಿ? 2010ರ ನವೆಂಬರ್‌ನಲ್ಲಿ ಕಾವೇರಿ ಮೊದಲ ಸಲ ಆಕಾಶ ನೋಡಿದ್ದು ಮಾಸ್ಕೋ ಹತ್ತಿರ, ಐಎಲ್-76 ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಒಂದನ್ನು ಕಳಚಿ ಆ ಜಾಗಕ್ಕೆ ಕಟ್ಟಿದ್ದರು. ಪೆಟ್ಟಿಗೆ ಕಟ್ಟಿ ಕಳಿಸಬೇಕು, ಅವರ ಸರದಿಗೆ ಕಾಯಬೇಕು, ಏನಾದರೂ ಬದಲಾಯಿಸಿದರೆ ಮತ್ತೆ ಅದೇ ದಾರಿ. ಆಗ ನಮ್ಮ ವಾಯುಪಡೆಯಲ್ಲೂ ಐಎಲ್-76ಗಳು ಹಾರುತ್ತಿದ್ದವು, ಸಾಮಾನು ಹೊತ್ತುಕೊಂಡು.