ಪಿಯುಸಿಯಲ್ಲಿ ಧರ್ಮ ಮತ್ತು ನೀತಿ ಒಂದು ವಿಷಯ ಆಗಬೇಕಾ?

ಪರ: ಓದಲಿ ಬಿಡಿ

ಕಲಬುರಗಿಯ ಪಿಯು ಹುಡುಗ ಶರಣಬಸವೇಶ್ವರ ಜಾತ್ರೆಗೆ ಹೋಗುತ್ತಾನೆ. ಬಂದೇ ನವಾಜರ ಉರುಸಿಗೂ ಹೋಗುತ್ತಾನೆ. ಬುದ್ಧ ವಿಹಾರದ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾನೆ. ಮೊಹರಂ ಬಂದರೆ ಊರಲ್ಲಿ ಅಲಾಯಿ ಕುಣಿದು, ಚೊಂಗೆ ತಿಂದು ಬರುತ್ತಾನೆ. ಕರ್ಬಲಾದಲ್ಲಿ 680ರಲ್ಲಿ ಸತ್ತವರು ಯಾರು, ಅವರಿಗಾಗಿ ಇವತ್ತಿಗೂ ಯಾಕೆ ಅಳುತ್ತಾರೆ ಎಂದು ಅವನನ್ನು ಕೇಳಿ ನೋಡಿ. ತಲೆ ಕೆರೆದುಕೊಳ್ಳುತ್ತಾನೆ. ದರ್ಗಾ ಕಡೆಯ ಹುಡುಗಿಗೆ ಗೆಳತಿ ಕೊರಳಲ್ಲಿ ಲಿಂಗ ಯಾಕೆ ಕಟ್ಟುತ್ತಾಳೆ ಎಂಬುದು ಗೊತ್ತಿರುವುದಿಲ್ಲ. ಇಬ್ಬರೂ ಒಂದೇ ಬೆಂಚಿನವರು. ಕೇಳಿದರೆ ತಪ್ಪು ತಿಳಿದಾರು ಎಂದು ಸುಮ್ಮನಿರುತ್ತಾರೆ. ಆಮೇಲೆ ವಾಟ್ಸಾಪ್ ಬಂದು ಹೇಳಿಕೊಡುತ್ತದೆ. ಹೇಗೆ ಹೇಳಿಕೊಡುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ದಂಡೆಯ ಮೇಲೆ, ಚಂದ್ರಲಾಂಬಾ ಗುಡಿ ಇದೆ. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಅದರಲ್ಲಿ ಅವನ ಹನ್ನೆರಡನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಎತ್ತಿ ಹಿಡಿಯಲು ಇನ್ನೊಬ್ಬರ ಪಂಥವನ್ನು ಹೀಗಳೆಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ, ಬೇರೆಯವರು ಹೇಳುವುದನ್ನೂ ಕಿವಿಗೊಟ್ಟು ಕೇಳಿ ಎಂಬುದು ಅದರ ತಿರುಳು. ಈ ಮಾತಿನ ಮೇಲೆ ದೇವಿ ನಿಂತಿದ್ದಳು. ಇದು ಒಂದು ಧರ್ಮ ಇನ್ನೊಂದನ್ನು ಮೆಟ್ಟಿದ್ದಾ? ಗಟ್ಟಿ ಕಲ್ಲು ಸಿಕ್ಕಿತು ಎಂದು ಬಳಸಿದ್ದಾ? ಓದಲು ಬರದವರು ಪೂಜೆ ಮಾಡುತ್ತಲೇ ಅದನ್ನು ಉಳಿಸಿದರು ಎನ್ನಬಹುದಾ? ಹದಿನೇಳರ ಹುಡುಗರನ್ನು ಎದುರಿಗೆ ಕೂರಿಸಿಕೊಂಡು ಒಂದು ವಾರ ಮಾತಾಡುವಷ್ಟು ಸರಕು ಇಲ್ಲಿದೆ. ಇತಿಹಾಸದ ಸರ್‌ಗೆ ಆ ವಾರ ಸಿಗುವುದಿಲ್ಲ. ಅವರಿಗೆ ಪೋರ್ಷನ್ ಮುಗಿಸಬೇಕು.

ಸಂವಿಧಾನ ಒಪ್ಪುವುದಿಲ್ಲ ಎನ್ನುವವರಿದ್ದಾರೆ. 28ನೇ ವಿಧಿ ತಡೆಯುವುದು ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಕಾಲೇಜುಗಳಲ್ಲಿ ಧರ್ಮ ಬೋಧಿಸುವುದನ್ನು. ಧರ್ಮಗಳ ಬಗ್ಗೆ ಓದುವುದು ಬೇರೆ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇಂಗ್ಲೆಂಡಿನಲ್ಲಿ ಎ ಲೆವೆಲ್ (ನಮ್ಮ ಪಿಯುಸಿ ಇದ್ದಂತೆ) ಓದುವವರು ಇದನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುತ್ತಾರೆ. ದೇವರಿದ್ದಾನೆ ಎಂಬ ವಾದವನ್ನೂ ಓದುತ್ತಾರೆ, ಅದನ್ನು ಮುರಿಯುವ ವಾದವನ್ನೂ ಓದುತ್ತಾರೆ. ನಮ್ಮ ಪಿಯುಸಿಯಲ್ಲಿ ತರ್ಕಶಾಸ್ತ್ರ ಹೇಗೂ ಇದೆ. ಅದರ ಪಕ್ಕದಲ್ಲಿ ಇದೂ ಇರಲಿ.

ನೀತಿಯ ಮಾತು ಇನ್ನೂ ಹತ್ತಿರದ್ದು. ಗುಣವಾಗದ ರೋಗಿಗೆ ವೆಂಟಿಲೇಟರ್ ತೆಗೆಯಬಹುದು ಎಂದು ಕೆಲವು ಷರತ್ತು ಹಾಕಿ 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯವೂ ಅದಕ್ಕೆ ಆದೇಶ ಹೊರಡಿಸಿತು. ಮನೆಯಲ್ಲಿ ಅಂಥ ಗಳಿಗೆ ಬಂದಾಗ ‘ದೇವರು ಇಟ್ಟಂಗಾಗಲಿ’ ಎನ್ನುವ ಅಜ್ಜಿಯ ಮಾತಿಗೂ, ಡಾಕ್ಟರ್ ಮಾತಿಗೂ ನಡುವೆ ನಿಲ್ಲಬೇಕಾದವರು ಇವತ್ತಿನ ಈ ಹುಡುಗರೇ ಅಲ್ವಾ?

ವಿರೋಧ: ಅಂಕಕ್ಕೆ ಸಿಗುವ ವಿಷಯವಲ್ಲ

ಸನ್ನತಿಯ ಮಾತು ಚೆಂದ, ಒಪ್ಪಿದೆ. ಈಗ ಕಾಲೇಜಿಗೆ ಬನ್ನಿ. 2025ರ ದ್ವಿತೀಯ ಪಿಯುಸಿ ಮೊದಲ ಪರೀಕ್ಷೆಯಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ, ಶೇ 48.45. ಪಾಸಾಗುವುದೇ ಕಷ್ಟವಾಗಿರುವ ಕಡೆ ಇನ್ನೊಂದು ವಿಷಯ. ಪಾಠ ಮಾಡುವವರು ಯಾರು? ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡ ಕಾಲೇಜಿನಲ್ಲಿ ಇದು ಕನ್ನಡದ ಸರ್ ತಲೆಗೆ ಬರುತ್ತದೆ. ಅವರು ಯಾವ ಜಾತಿ, ಯಾವ ಮಠದ ಕಡೆಯವರು ಎಂದು ಪಾಲಕರು ಮೊದಲ ವಾರದಲ್ಲೇ ಪತ್ತೆ ಹಚ್ಚಿರುತ್ತಾರೆ. ಇನ್ನು ಆ ವೆಂಟಿಲೇಟರ್ ಪ್ರಶ್ನೆ ನಿಜವಾಗಿ ಬೇಕಾಗಿರುವುದು ಡಾಕ್ಟರ್ ಆಗಲು ಹೊರಟ ಹುಡುಗಿಗೆ. ಅವಳು ಪಿಸಿಎಂಬಿ ತೆಗೆದುಕೊಂಡು ನೀಟ್ ಕೋಚಿಂಗ್‌ನಲ್ಲಿ ಕೂತಿದ್ದಾಳೆ. ಐಚ್ಛಿಕ ಎಂದ ಮೇಲೆ ಅವಳು ಇತ್ತ ಬರುವುದೇ ಇಲ್ಲ.

ಪುಸ್ತಕ ಬರೆಯುವವರು ಯಾರು ಎಂಬುದು ಅದಕ್ಕಿಂತ ದೊಡ್ಡ ತಲೆನೋವು. 2022ರ ಪಠ್ಯ ಪರಿಷ್ಕರಣೆಯಲ್ಲಿ ಬಸವಣ್ಣನ ಬಗ್ಗೆ ಬರೆದ ಸಾಲುಗಳಿಗೇ ಮಠಾಧೀಶರು ತಗಾದೆ ತೆಗೆದರು, ಸರ್ಕಾರ ತಿದ್ದುತ್ತೇವೆ ಎನ್ನಬೇಕಾಯಿತು. ಅದು ಸಮಾಜ ವಿಜ್ಞಾನದ ಒಂದು ಪಾಠ. ಧರ್ಮದ್ದೇ ಪುಸ್ತಕವಾದರೆ?

ಹಾಗೂ ಬರೆದರು ಎನ್ನೋಣ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗುಂಬಜ್ ಇದೆ. ಅಲ್ಲಿನ ಉರುಸಿಗೆ ಜಂಗಮರು ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ. ಅವನನ್ನು ಅಲ್ಲಮಪ್ರಭುವಿನ ಅವತಾರ ಎಂದು ನಂಬುವ ಲಿಂಗಾಯತರಿದ್ದಾರೆ. ಪುಸ್ತಕದಲ್ಲಿ ಇವನು ಯಾವ ಅಧ್ಯಾಯಕ್ಕೆ ಸೇರುತ್ತಾನೆ? ಪಠ್ಯಪುಸ್ತಕ ಅಂದರೆ ಹಿಂದೂ ಧರ್ಮ ಒಂದು ಅಧ್ಯಾಯ, ಇಸ್ಲಾಂ ಒಂದು, ಬೌದ್ಧ ಒಂದು, ಕೊನೆಗೆ ಅಭ್ಯಾಸದ ಪ್ರಶ್ನೆ. ಜಾತ್ರೆಗೆ ಬಂದವನಿಗೆ ‘ನೀನು ಬಂದಿರುವುದು ಸುಲ್ತಾನನಿಗೋ, ಅಲ್ಲಮನಿಗೋ?’ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಪ್ರಶ್ನೆಪತ್ರಿಕೆ ಕೇಳುತ್ತದೆ, ಸರಿಯಾದ ಉತ್ತರ ಒಂದೇ ಎಂದೂ ಹೇಳುತ್ತದೆ. ಕಲಿಸಲು ಹೋಗಿ ನಾವು ಬೇಲಿ ಹಾಕಿ ಬಂದಿರುತ್ತೇವೆ.

ಇಂಗ್ಲೆಂಡಿನ ಉದಾಹರಣೆ ಕೊಟ್ಟರು. ವಾದ, ಪ್ರತಿವಾದ ಎರಡನ್ನೂ ತೂಗಿ ಬರೆದ ಉತ್ತರಕ್ಕೆ ಅಲ್ಲಿ ಅಂಕ. ನಮ್ಮಲ್ಲಿ ಏನಾಗುತ್ತದೆ ಹೇಳಲಾ? ‘ಆತ್ಮ ಇದೆಯೇ? ಚರ್ಚಿಸಿ. ಐದು ಅಂಕ.’ ಜನವರಿ ಹೊತ್ತಿಗೆ ಪಾಸಿಂಗ್ ಪ್ಯಾಕೇಜ್ ಬಂದಿರುತ್ತದೆ, ಅದರಲ್ಲಿ ಐದು ಪಾಯಿಂಟ್. ಹುಡುಗರು ಬಾಯಿಪಾಠ ಮಾಡುತ್ತಾರೆ. ಸ್ಕೀಮ್, ಅಂದರೆ ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬ ಪಟ್ಟಿ, ಕೈಯಲ್ಲಿ ಹಿಡಿದ ಮೌಲ್ಯಮಾಪಕರು ಪಾಯಿಂಟ್ ಎಣಿಸುತ್ತಾರೆ. ಅವರನ್ನು ದೂರಿ ಫಲವಿಲ್ಲ, ಮುಂದೆ ಬಂಡಲ್ ರಾಶಿ ಬಿದ್ದಿರುತ್ತದೆ. ಇದರ ನಡುವೆ ಸೇಡಂ ಕಡೆಯ ಒಬ್ಬ ಹುಡುಗ ತಾನೇ ಕೂತು ಯೋಚಿಸಿ, ‘ನನಗೆ ಆತ್ಮ ಇದೆ ಅನಿಸುವುದಿಲ್ಲ, ಕಾರಣ ಹೀಗಿದೆ’ ಎಂದು ಒಂದು ಪುಟ ಬರೆದ ಎನ್ನಿ. ಸ್ಕೀಮ್‌ನ ಒಂದು ಪಾಯಿಂಟೂ ಅದರಲ್ಲಿಲ್ಲ. ಒಂದೂವರೆ ಅಂಕ ಬೀಳುತ್ತದೆ. ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿದರೆ ಇನ್ನೊಬ್ಬರು ನೋಡುತ್ತಾರೆ, ಅವರ ಕೈಯಲ್ಲೂ ಅದೇ ಸ್ಕೀಮ್.