ಜ್ವರದಲ್ಲಿ ತೆಗೆಸಿದ ಕೊಲೆಸ್ಟ್ರಾಲ್ ರಿಪೋರ್ಟ್ ನಂಬಬೇಡಿ

ಡೆಂಗ್ಯೂ ಇರುವಾಗಲೇ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮಾಡಿಸಿ, 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಇಳಿದಿದೆ ಎಂದು ಖುಷಿಪಟ್ಟು ಕೊಲೆಸ್ಟ್ರಾಲ್ ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಜ್ವರ ಇಳಿಸಿದ ಅಂಕಿ ಅದು. ಡೆಂಗ್ಯೂವಿನಲ್ಲಿ ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್, 'ಒಳ್ಳೆ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ಮೂರೂ ಕುಸಿಯುತ್ತವೆ. ಕಾಯಿಲೆ ತೀವ್ರವಾದವರಲ್ಲಿ ಕುಸಿತ ಸಾಮಾನ್ಯವಾಗಿ ಇನ್ನೂ ಹೆಚ್ಚು.

ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ರಕ್ತದಲ್ಲಿ ಅದನ್ನು ಹೊರುವುದು ಪ್ರೋಟೀನ್ ಹೊದ್ದ ಲಿಪೋಪ್ರೋಟೀನ್ ಕಣಗಳು; ಎಲ್‌ಡಿಎಲ್, ಎಚ್‌ಡಿಎಲ್ ಇಂಥ ಕಣಗಳೇ.  ಡೆಂಗ್ಯೂ ಸೋಂಕು ತಗುಲಿದ ಜೀವಕೋಶ ವೈರಸ್ ಜೊತೆ ಎನ್‌ಎಸ್‌1 ಎಂಬ ಪ್ರೋಟೀನನ್ನೂ ರಕ್ತಕ್ಕೆ ಬಿಡುತ್ತದೆ. ಜ್ವರದ ಮೊದಲ ದಿನಗಳ ಕಾರ್ಡ್ ಟೆಸ್ಟ್ ಹುಡುಕುವುದು ಇದನ್ನೇ. ಇದರ ಆರು ಅಣುಗಳು ಪೀಪಾಯಿಯಂತೆ ಕೂಡಿಕೊಂಡು ಒಳಗೆ ಕೊಬ್ಬು ತುಂಬಿಕೊಳ್ಳುತ್ತವೆ. ಆ ಕೊಬ್ಬಿನ ಮಿಶ್ರಣ ಎಚ್‌ಡಿಎಲ್‌ನದಕ್ಕೆ ಹತ್ತಿರ ಎಂದು 2011ರಲ್ಲೇ ಗೊತ್ತಾಯಿತು.

ನನಗೆ ಮುಖ್ಯ ಅನಿಸುವುದು 2022ರ ಒಂದು ಅಧ್ಯಯನ. ಎನ್‌ಎಸ್‌1 ಅಣುಗಳ ಜೋಡಿಗಳು ಎಚ್‌ಡಿಎಲ್ ಕಣದ ಮೈಮೇಲೆ ಅಂಟಿ ಕೂರುತ್ತವೆ. ಎಚ್‌ಡಿಎಲ್ ಒಂದೇ ಇದ್ದಾಗ ಮ್ಯಾಕ್ರೋಫೇಜ್‌ಗಳ (ರೋಗನಿರೋಧಕ ಜೀವಕೋಶಗಳ) ಉರಿಯೂತ ತಣ್ಣಗಾಗುತ್ತದೆ. ಎರಡೂ ಕೂಡಿದ ಕಣ ಅದೇ ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತದೆ. ರೋಗಿಗಳ ರಕ್ತದಲ್ಲೂ ಇಂಥ ಕಣಗಳು ಸಿಕ್ಕಿವೆ. 'ಒಳ್ಳೆ ಕೊಲೆಸ್ಟ್ರಾಲ್' ಎಂಬ ಹೆಸರು ಇಲ್ಲಿ ಕೆಲಸಕ್ಕೆ ಬಾರದು.

ಇಂಥ ಪ್ರಯೋಗ ಮಾಡುವ ಸಂಶೋಧನಾ ಲ್ಯಾಬಿನವರಿಗೆ ಒಂದು ಮಾತು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಎನ್‌ಎಸ್‌1ನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ) ಉಳಿದಿದ್ದರೆ, ಎನ್‌ಎಸ್‌1ನಂತೆ ಅದೂ ಉರಿಯೂತ ಶುರುಮಾಡುವ ಟಿಎಲ್‌ಆರ್‌4 ಎಂಬ ರಿಸೆಪ್ಟರನ್ನು ಎಬ್ಬಿಸುತ್ತದೆ, ಉರಿಯೂತ ಯಾರಿಂದ ಬಂತೆಂದು ತಿಳಿಯದು. ಜೀವಕೋಶ ಬೆಳೆಸುವ ಕಲ್ಚರಿಗೆ ಹಾಕುವ ಕರುವಿನ ಸೀರಮ್‌ನಲ್ಲೂ (ರಕ್ತದ ದ್ರವಭಾಗ) ಲಿಪೋಪ್ರೋಟೀನ್ ಇರುತ್ತದೆ. ಲಿಪೋಪ್ರೋಟೀನ್ ತೆಗೆದ ಸೀರಮ್ ಇಟ್ಟು ಹೋಲಿಸದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ವೈರಸ್ಸಿಗೂ ಕೊಬ್ಬು ಹೊರುವ ವ್ಯವಸ್ಥೆಗೂ ಇರುವ ಈ ನಂಟು ಡೆಂಗ್ಯೂವಿಗಷ್ಟೇ ಸೀಮಿತವಲ್ಲ. ಸೊಳ್ಳೆಯಿಂದಲೇ ಹರಡಿ ಮಿದುಳಿನ ಉರಿಯೂತ ತರುವ ಈಸ್ಟರ್ನ್ ಈಕ್ವೈನ್ ಎನ್‌ಸೆಫಲೈಟಿಸ್ ವೈರಸ್ ಜೀವಕೋಶದೊಳಗೆ ನುಗ್ಗಲು, ಲಿಪೋಪ್ರೋಟೀನ್ ಕಣಗಳನ್ನು ಹಿಡಿಯುವ ವಿಎಲ್‌ಡಿಎಲ್ ರಿಸೆಪ್ಟರನ್ನೇ ಬಾಗಿಲು ಮಾಡಿಕೊಳ್ಳುತ್ತದೆ.

ಹಾಗಾದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟರೆ ಡೆಂಗ್ಯೂ ತಗ್ಗೀತೇ? ವಿಯೆಟ್ನಾಮಿನಲ್ಲಿ 300 ವಯಸ್ಕರ ಮೇಲೆ ಲೋವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಅನ್ನು ದಿನಕ್ಕೆ 80 ಮಿಲಿಗ್ರಾಂನಂತೆ 5 ದಿನ ಪರೀಕ್ಷಿಸಿದರು. ತೊಂದರೆಯಾಗಲಿಲ್ಲ, ಲಾಭವೂ ಕಾಣಲಿಲ್ಲ. ಮೊದಲಿಂದಲೂ ಸ್ಟ್ಯಾಟಿನ್ ನುಂಗುತ್ತಿದ್ದರೆ, ಜ್ವರದಲ್ಲಿ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಲಿವರ್ ಎನ್‌ಜೈಮ್ ನೋಡಿ ವೈದ್ಯರು ಹೇಳಲಿ.

ಇನ್ನೊಂದು ತೊಡಕು: ಅನೇಕ ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ (ರಕ್ತದ ಇನ್ನೊಂದು ಬಗೆಯ ಕೊಬ್ಬು) ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಸೋಂಕಿನಲ್ಲಿ ಟ್ರೈಗ್ಲಿಸರೈಡ್ ಏರಬಹುದು. ಅದು ಡೆಸಿಲೀಟರಿಗೆ 400 ಮಿಲಿಗ್ರಾಂ ದಾಟಿದರೆ ಈ ಲೆಕ್ಕ ನಡೆಯದು. ಡ್ರಿಪ್ ಹಾಕಿದ್ದರೆ ರಕ್ತ ತೆಳುವಾಗಿ ಎಲ್ಲ ಅಂಕಿಗಳೂ ಇನ್ನಷ್ಟು ತಗ್ಗುತ್ತವೆ. ಜ್ವರದ ದಿನಗಳಲ್ಲಿ ಹೆಮಾಟೋಕ್ರಿಟ್ (ರಕ್ತದಲ್ಲಿ ಕೆಂಪು ರಕ್ತಕಣಗಳ ಪಾಲು), ಪ್ಲೇಟ್‌ಲೆಟ್, ಹೊಟ್ಟೆನೋವು, ಬಿಡದ ವಾಂತಿ ಇವುಗಳ ಮೇಲೆ ಕಣ್ಣಿಡಿ. ಲಿಪಿಡ್ ಪರೀಕ್ಷೆಯನ್ನು ಪೂರ್ತಿ ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ ಮಾಡಿಸಿ.